ಕೂಸಿಗೆ ಮೊದಲ ಹಣ್ಣು

ಹರಿಹರದಿಂದ ಹರಪನಹಳ್ಳಿಗೆ ಹೋಗುವ ದಾರಿಯಲ್ಲಿ ತೆಲಿಗಿ ಎಂಬ ಊರಿದೆ. ಬಹುಕಾಲ ಬಳ್ಳಾರಿ ಜಿಲ್ಲೆಗೆ ಸೇರಿದ್ದು, ೧೯೯೭ರಲ್ಲಿ ದಾವಣಗೆರೆಗೆ ಹೋಗಿ, ೨೦೧೮ರಲ್ಲಿ ಮರಳಿ ಬಳ್ಳಾರಿಗೆ ಬಂದು, ೨೦೨೧ರಿಂದ ವಿಜಯನಗರ ಜಿಲ್ಲೆಯಲ್ಲಿರುವ ಹರಪನಹಳ್ಳಿ ತಾಲ್ಲೂಕಿನ ಊರು ಅದು. ಅದರ ಸುತ್ತಣ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳ ನೆಲವೆಲ್ಲ ಬಹುಮಟ್ಟಿಗೆ ಮಳೆಯನ್ನು ನಂಬಿ ಬದುಕುವ ನೆಲ. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಇಲ್ಲಿನ ಹಣ್ಣುಗಳ ಪಂಚಾಂಗ ಮಾತ್ರ ಬದಲಾಗಿಲ್ಲ. ಮುಂಗಾರಿನ ಮೊದಲ ಮಳೆಗೆ ಕವಳೆ, ನೇರಳೆ. ದಸರೆಯಿಂದ ದೀಪಾವಳಿಯವರೆಗೆ ಸೀತಾಫಲ. ಸಂಕ್ರಾಂತಿಯ ಸುಮಾರಿಗೆ ಬಾರೆಹಣ್ಣು, ಅಂದರೆ ಮೈಸೂರು ಕಡೆಯವರ ಎಲಚಿಹಣ್ಣು. ಅದರ ಬೆನ್ನಿಗೇ ಸಂತೆಯಲ್ಲಿ ದ್ರಾಕ್ಷಿ. ಇವೆಲ್ಲ ಬುಟ್ಟಿಯಲ್ಲಿ ಬಂದು, ಸೇರಿನಲ್ಲಿ ಅಳೆಯಿಸಿಕೊಂಡು, ಸೆರಗಿನಲ್ಲಿ ಮನೆ ಸೇರುವ ಹಣ್ಣುಗಳು. ಸೆರಗು ಬಿಚ್ಚಿದ ಕೂಡಲೇ ಮೊದಲು ಕೈಚಾಚುವವರು ಮಕ್ಕಳು. ಆ ಮಕ್ಕಳ ಗುಂಪಿನಲ್ಲಿ ಇನ್ನೂ ನಡೆಯಲು ಬಾರದ, ಈಗತಾನೆ ಕುಳಿತುಕೊಳ್ಳಲು ಕಲಿತಿರುವ ಒಂದು ಕೂಸೂ ಇರುತ್ತದೆ.

ಆ ಕೂಸಿಗೆ ಹಣ್ಣನ್ನು ಕೊಡಬೇಕೆ? ಕೊಡಬೇಕಾದರೆ ಎಂದು, ಹೇಗೆ, ಯಾವ ರೂಪದಲ್ಲಿ? ನಾನು ಈ ಹೊತ್ತು ಹೇಳಹೊರಟಿರುವ ವಿಷಯ ಇಷ್ಟೇ. ಮೇಲುನೋಟಕ್ಕೆ ಇದು ಅಡುಗೆಮನೆಯ ಸಣ್ಣ ಮಾತೆಂದು ತೋರಬಹುದು. ಆದರೆ ಹಸುಳೆಯ ಮಟ್ಟಿಗೆ ಇದು ಪೋಷಣೆಯ ಪ್ರಶ್ನೆ; ಕೆಲವೊಮ್ಮೆ ಉಸಿರಿನ ಪ್ರಶ್ನೆ. ನಮ್ಮಲ್ಲಿ ಈ ವಿಷಯವಾಗಿ ಎರಡು ಅತಿಗಳಿವೆ. ಹಣ್ಣು ಶೀತ, ನೆಗಡಿಯಾದೀತು, ಹೊಟ್ಟೆ ಕೆಟ್ಟೀತು ಎಂದು ವರ್ಷ ತುಂಬುವವರೆಗೂ ಮಗುವಿನ ಬಾಯಿಗೆ ಹಣ್ಣನ್ನೇ ಸೋಕಿಸದವರು ಒಂದು ಕಡೆ. ಹಣ್ಣಲ್ಲವೆ, ಅದರಿಂದೇನು ಕೇಡು ಎಂದು ಇಡಿಯ ದ್ರಾಕ್ಷಿಯನ್ನೋ ಬಾರೆಹಣ್ಣನ್ನೋ ಕೂಸಿನ ಅಂಗೈಗೆ ಇಟ್ಟುಬಿಡುವವರು ಇನ್ನೊಂದು ಕಡೆ. ಮೊದಲನೆಯವರು ಹಣ್ಣಿನ ಗುಣಕ್ಕೆ ಅಂಜುತ್ತಾರೆ. ಎರಡನೆಯವರು ಹಣ್ಣಿನ ಗುಣವನ್ನು ನಂಬಿ ಅದರ ಆಕಾರವನ್ನು ಮರೆಯುತ್ತಾರೆ. ಅಪಾಯವಿರುವುದು ಹಣ್ಣಿನ ಗುಣದಲ್ಲಲ್ಲ, ಅದರ ಆಕಾರದಲ್ಲಿ. ಆಕಾರವನ್ನು ಬದಲಿಸುವುದು ನಮ್ಮ ಬೆರಳುಗಳ ಕೆಲಸ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಿಕ್ಕ ಮಾತುಗಳೆಲ್ಲ ತಾವಾಗಿಯೇ ಹೊಂದಿಕೊಳ್ಳುತ್ತವೆ.

ಮೊದಲು ಕಾಲದ ಮಾತು. ಹುಟ್ಟಿದಂದಿನಿಂದ ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲೊಂದೇ ಸಾಕು. ನೀರು ಕೂಡ ಬೇಡ. ಆರು ತಿಂಗಳು ತುಂಬಿದ ಮೇಲೆ ಹಾಲಿನ ಜೊತೆಗೆ ಮೇಲಾಹಾರ ಬೇಕು. ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ಹೊರತಂದ ಮಾರ್ಗದರ್ಶಿಯೂ ಇದನ್ನೇ ಹೇಳುತ್ತದೆ. ಆರು ತಿಂಗಳಿಂದ ಎರಡು ವರ್ಷದವರೆಗಿನ ಮಕ್ಕಳಿಗೆ ಹಣ್ಣು ತರಕಾರಿಗಳು ದಿನವೂ ದೊರೆಯಬೇಕೆಂದು ಅದು ಸೂಚಿಸುತ್ತದೆ. ಇದು ಪಶ್ಚಿಮದಿಂದ ಬಂದ ಹೊಸ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಮಕ್ಕಳ ಚಿಕಿತ್ಸೆಗೇ ಮೀಸಲಾದ ಕಾಶ್ಯಪ ಸಂಹಿತೆಯಲ್ಲಿ ‘ಫಲಪ್ರಾಶನ’ ಎಂಬ ಸಂಸ್ಕಾರವಿದೆ. ಆರನೆಯ ತಿಂಗಳಲ್ಲಿ ಮಗುವಿಗೆ ಹಣ್ಣನ್ನು ಉಣಿಸಬೇಕು, ಅನ್ನಪ್ರಾಶನ ಅದಕ್ಕಿಂತ ತಡವಾಗಿ ನಡೆಯಬೇಕು ಎಂಬುದು ಆ ಗ್ರಂಥದ ಕ್ರಮ. ಇಂದಿನ ವೈದ್ಯಶಾಸ್ತ್ರ ಅನ್ನವನ್ನು ಅಷ್ಟು ತಡಮಾಡಲು ಒಪ್ಪುವುದಿಲ್ಲ. ಆರು ತಿಂಗಳಿಗೆ ಧಾನ್ಯ, ಬೇಳೆ, ಹಣ್ಣು ಎಲ್ಲವೂ ಒಂದೊಂದಾಗಿ ಆರಂಭವಾಗಬೇಕೆನ್ನುತ್ತದೆ. ಆದರೂ ಹಣ್ಣಿನ ವಿಷಯದಲ್ಲಿ ಹಳೆಯ ಗ್ರಂಥಕ್ಕೂ ಹೊಸ ಶಾಸ್ತ್ರಕ್ಕೂ ಭೇದವಿಲ್ಲ ಎಂಬುದು ಗಮನಿಸತಕ್ಕ ಸಂಗತಿ.

ಆರು ತಿಂಗಳೆಂಬುದು ಪಂಚಾಂಗದ ಲೆಕ್ಕ. ಅದರ ಜೊತೆಗೆ ಮಗುವಿನ ಮೈ ಕೊಡುವ ಸೂಚನೆಗಳನ್ನೂ ನೋಡಬೇಕು. ಕತ್ತು ನಿಂತಿರಬೇಕು. ಒರಗು ಕೊಟ್ಟರೆ ನೆಟ್ಟಗೆ ಕುಳಿತುಕೊಳ್ಳಬೇಕು. ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರದಬ್ಬುವ ಶೈಶವದ ಅಭ್ಯಾಸ ಕಡಿಮೆಯಾಗಿರಬೇಕು. ದೊಡ್ಡವರು ಉಣ್ಣುವಾಗ ತಟ್ಟೆಯತ್ತ ಕೈಚಾಚುವ ಆಸೆ ಹುಟ್ಟಿರಬೇಕು. ಈ ಸೂಚನೆಗಳಿಲ್ಲದ ಮಗುವಿಗೆ ಅವಸರದಿಂದ ಉಣಿಸಹೋದರೆ ಉಣ್ಣುವುದಕ್ಕಿಂತ ಕೆಮ್ಮುವುದೇ ಹೆಚ್ಚಾಗುತ್ತದೆ.

ಹಣ್ಣೇ ಏಕೆ ಬೇಕು? ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೬೭ ಮಂದಿ ರಕ್ತಹೀನತೆಯಿಂದ ಬಳಲುತ್ತಾರೆ. ಆರು ತಿಂಗಳಾಗುವ ಹೊತ್ತಿಗೆ ತಾಯಿಯ ಗರ್ಭದಿಂದ ತಂದ ಕಬ್ಬಿಣದ ಸಂಗ್ರಹ ತೀರುತ್ತ ಬರುತ್ತದೆ. ರಾಗಿ, ಬೇಳೆ, ಸೊಪ್ಪುಗಳಲ್ಲಿ ಕಬ್ಬಿಣವಿದ್ದರೂ ಕರುಳು ಅದನ್ನು ಸುಲಭವಾಗಿ ಹೀರಿಕೊಳ್ಳಲಾರದು. ಅದೇ ಊಟದ ಜೊತೆಯಲ್ಲಿ ‘ಸಿ’ ಜೀವಸತ್ವವಿರುವ ಹಣ್ಣು ಸೇರಿದರೆ ಹೀರುವಿಕೆ ಹೆಚ್ಚುತ್ತದೆ. ನೂರು ಗ್ರಾಂ ಪೇರಲದಲ್ಲಿ ಸುಮಾರು ೨೦೦ ಮಿಲಿಗ್ರಾಂ ‘ಸಿ’ ಜೀವಸತ್ವವಿರುತ್ತದೆ. ಕಿತ್ತಳೆಯಲ್ಲಿರುವುದು ಅದರ ಕಾಲು ಭಾಗದಷ್ಟು. ಅಂದಮೇಲೆ ಹಿತ್ತಲಿನ ಪೇರಲ ಗಿಡವೂ ಹೊಲದ ಬದುವಿನ ಬಾರೆಗಿಡವೂ ಬಡವರ ಮನೆಯ ಔಷಧಾಲಯಗಳೇ. ಆದರೆ ಹಣ್ಣು ಊಟಕ್ಕೆ ಜೊತೆಯೇ ಹೊರತು ಊಟದ ಬದಲಲ್ಲ. ಹಣ್ಣಿನ ರಸವನ್ನು ಬಾಟಲಿಗೆ ತುಂಬಿ ಕುಡಿಸುವುದಂತೂ ಬೇಡ. ಅದರಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ಇನ್ನು ಮಗುವಿನ ಬಾಯಿ ಗಂಟಲುಗಳ ರಚನೆಯತ್ತ ನೋಡೋಣ. ಸಾಮಾನ್ಯವಾಗಿ ಆರರಿಂದ ಹತ್ತು ತಿಂಗಳೊಳಗೆ ಮಗುವಿಗೆ ಮುಂದಿನ ಬಾಚಿಹಲ್ಲುಗಳು ಮೂಡುತ್ತವೆ. ನಮ್ಮ ಹೆಂಗಸರು ಅದನ್ನು ನೋಡಿ ಹಿಗ್ಗುತ್ತಾರೆ. ಕೂಸು ಇನ್ನು ಕಡಿದು ತಿಂದೀತು ಎನ್ನುತ್ತಾರೆ. ಕಡಿಯುವುದೇನೋ ನಿಜ. ಆದರೆ ಕಡಿಯುವುದು ಬೇರೆ, ಅಗಿಯುವುದು ಬೇರೆ. ಅಗಿಯುವ ದವಡೆಹಲ್ಲುಗಳಲ್ಲಿ ಮೊದಲನೆಯವು ಬರುವುದೇ ವರ್ಷ ತುಂಬಿದ ಮೇಲೆ. ಎರಡನೆಯವು ಎರಡು, ಎರಡೂವರೆ ವರ್ಷಕ್ಕೆ. ಅಷ್ಟರವರೆಗೆ ಮಗು ಹಣ್ಣಿನ ತುಂಡನ್ನು ಕಡಿದೀತು, ಆದರೆ ನುಣ್ಣಗೆ ಅರೆಯಲಾರದು. ಬೀಸುವ ಕಲ್ಲಿಲ್ಲದ ಮನೆಯಲ್ಲಿ ಕಾಳು ಕಾಳಾಗಿಯೇ ಉಳಿಯುವಂತೆ ತುಂಡು ತುಂಡಾಗಿಯೇ ಗಂಟಲಿಗೆ ಇಳಿಯುತ್ತದೆ.

ಗಂಟಲಿನಲ್ಲಿ ಎರಡು ದಾರಿಗಳಿವೆ: ಒಂದು ಅನ್ನದ ದಾರಿ, ಇನ್ನೊಂದು ಉಸಿರಿನ ದಾರಿ. ನುಂಗುವ ಕ್ಷಣದಲ್ಲಿ ಉಸಿರಿನ ದಾರಿಯ ಬಾಯಿಗೆ ಮುಚ್ಚಳ ಬೀಳುತ್ತದೆ. ಮಗು ನಕ್ಕರೆ, ಅತ್ತರೆ, ಬೆಚ್ಚಿ ಉಸಿರೆಳೆದರೆ ಆ ಮುಚ್ಚಳ ತೆರೆದೇ ಇರುತ್ತದೆ. ಬಾಯಲ್ಲಿದ್ದದ್ದು ಒಳಕ್ಕೆ ಸೆಳೆದುಹೋಗಬಹುದು. ಮಗುವಿನ ಉಸಿರ್ನಾಳ ಎಷ್ಟು ದಪ್ಪವಿರುತ್ತದೆಂದು ತಿಳಿಯಬೇಕಾದರೆ ಅದರ ಕಿರುಬೆರಳನ್ನು ನೋಡಿದರೆ ಸಾಕು, ಹೆಚ್ಚುಕಡಿಮೆ ಅಷ್ಟೇ. ದೊಡ್ಡವರಾದರೆ ಗಟ್ಟಿಯಾಗಿ ಕೆಮ್ಮಿ ಸಿಕ್ಕಿದ್ದನ್ನು ಹೊರಗೆ ಹಾರಿಸುತ್ತಾರೆ. ಹಸುಳೆಯ ಎದೆಗೂಡಿನಲ್ಲಿ ಅಷ್ಟು ಕಸುವಿರುವುದಿಲ್ಲ.

ಈ ಕಿರುದಾರಿಗೆ ಸಣ್ಣ, ದುಂಡನೆಯ, ಜಾರುವ ಹಣ್ಣಿಗಿಂತ ಅಪಾಯಕಾರಿಯಾದ ವಸ್ತು ಬೇರೆ ಸಿಗುವುದು ಕಷ್ಟ. ಮೂಲೆಗಳಿರುವ ತುಂಡು ಸಿಕ್ಕಿಕೊಂಡರೆ ಅಂಚಿನ ಸಂದಿಯಲ್ಲಿ ಒಂದಿಷ್ಟು ಗಾಳಿಯಾದರೂ ನುಸುಳೀತು. ದುಂಡನೆಯ ದ್ರಾಕ್ಷಿ ಹಾಗಲ್ಲ. ಅದರ ಮೈ ನುಣುಪು, ಒಳಗು ಮೆತ್ತಗೆ. ಸೀಸೆಯ ಬಾಯಿಗೆ ಬಿರಡೆ ಕೂರುವಂತೆ ಅದು ಉಸಿರಿನ ದಾರಿಯ ಆಕಾರಕ್ಕೇ ಒಗ್ಗಿ ಕೂತುಬಿಡುತ್ತದೆ. ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ವೈದ್ಯರು ೨೦೧೬ರ ಡಿಸೆಂಬರಿನಲ್ಲಿ ಮಕ್ಕಳ ರೋಗಗಳಿಗೆ ಸಂಬಂಧಿಸಿದ ಒಂದು ಹೆಸರಾಂತ ವೈದ್ಯಪತ್ರಿಕೆಯಲ್ಲಿ ಮೂರು ಪ್ರಸಂಗಗಳನ್ನು ವರದಿ ಮಾಡಿದರು. ಮೂವರೂ ಐದು ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳು. ಮೂವರ ಗಂಟಲಲ್ಲೂ ಸಿಕ್ಕಿದ್ದು ಇಡಿಯ ದ್ರಾಕ್ಷಿ. ಅವರಲ್ಲಿ ಇಬ್ಬರು ಉಳಿಯಲಿಲ್ಲ. ಆಟಿಕೆಗಳ ಡಬ್ಬಿಗಳ ಮೇಲೆ ‘ಸಣ್ಣ ಭಾಗಗಳಿವೆ, ಎಚ್ಚರ’ ಎಂದು ಅಚ್ಚು ಹಾಕಿರುತ್ತದೆ, ದ್ರಾಕ್ಷಿಯ ಗೊಂಚಲಿನ ಮೇಲೆ ಅಂಥ ಎಚ್ಚರಿಕೆ ಯಾರೂ ಬರೆದಿಲ್ಲ ಎಂಬುದು ಆ ವೈದ್ಯರ ಅಳಲಾಗಿತ್ತು.

ನಮ್ಮ ಸೀಮೆಯ ಹಣ್ಣುಗಳನ್ನು ಈ ದೃಷ್ಟಿಯಿಂದ ಒಂದೊಂದಾಗಿ ನೋಡೋಣ.

ದ್ರಾಕ್ಷಿಯನ್ನು ಇಡಿಯಾಗಿ ಐದು ವರ್ಷದೊಳಗಿನ ಮಗುವಿಗೆ ಕೊಡಲೇಬಾರದು. ಕೊಡುವುದಾದರೆ ಉದ್ದಕ್ಕೆ ಸೀಳಬೇಕು. ಎರಡಲ್ಲ, ನಾಲ್ಕು ಹೋಳಾಗಿ. ಅಡ್ಡಕ್ಕೆ ಕೊಯ್ದರೆ ದುಂಡು ದುಂಡಾಗಿಯೇ ಉಳಿಯುತ್ತದೆ, ಅಪಾಯವೂ ಉಳಿಯುತ್ತದೆ. ಬೀಜವಿದ್ದರೆ ತೆಗೆಯಬೇಕು. ವರ್ಷದೊಳಗಿನ ಕೂಸಿಗಾದರೆ ಸಿಪ್ಪೆ ಸುಲಿದು ಹಿಸುಕಿಯೇ ಕೊಡಬೇಕು. ದ್ರಾಕ್ಷಿಯ ಮೇಲಿನ ಸಿಂಪರಣೆಯ ಔಷಧಿಯ ಅಂಶವನ್ನು ತಗ್ಗಿಸಲು ಅದನ್ನು ನೀರಿನಲ್ಲಿ ನೆನೆಯಿಟ್ಟು, ನೀರು ಬದಲಿಸಿ, ಎರಡು ಮೂರು ಸಲ ತೊಳೆಯುವುದು ಒಳ್ಳೆಯದು. ಒಣದ್ರಾಕ್ಷಿ ಸಣ್ಣದೆಂದು ಸದರ ಬೇಡ, ಅದು ಅಂಟುತ್ತದೆ. ರಾತ್ರಿ ನೆನೆಸಿ ಬೆಳಿಗ್ಗೆ ಅರೆದರೆ ಗಂಜಿಗೆ ಸಿಹಿಯಾಗುತ್ತದೆ.

ಬಾರೆಹಣ್ಣಿನಲ್ಲಿ ಎರಡು ತೊಡಕುಗಳಿವೆ: ಅಗಿಯದೆ ಹರಿಯದ ಸಿಪ್ಪೆ, ಕಲ್ಲಿನಂಥ ಓಟೆ. ಕೂಸಿಗೆ ಕೊಡಬೇಕೆಂಬ ಆಸೆಯಿದ್ದರೆ ಚೆನ್ನಾಗಿ ಕಳಿತ ಹಣ್ಣನ್ನು ತುಸು ಬೇಯಿಸಿ, ಜರಡಿಯಲ್ಲಿ ಉಜ್ಜಿ, ಓಟೆ ಸಿಪ್ಪೆಗಳನ್ನು ಮೇಲೆ ಉಳಿಸಿ, ಕೆಳಗೆ ಇಳಿದ ತಿರುಳನ್ನು ಚಮಚದಲ್ಲಿ ತಿನ್ನಿಸಬಹುದು. ಹುಳುಕು ಹಣ್ಣುಗಳು ಹೆಚ್ಚಾದ್ದರಿಂದ ಪ್ರತಿಯೊಂದನ್ನೂ ಒಡೆದು ನೋಡಬೇಕು. ಅದಕ್ಕಷ್ಟು ಪುರುಸೊತ್ತಿಲ್ಲವಾದರೆ ಬಾರೆಹಣ್ಣು ದೊಡ್ಡ ಮಕ್ಕಳಿಗೇ ಇರಲಿ.

ನೇರಳೆಯ ತಿರುಳನ್ನು ಬೀಜದಿಂದ ಬಿಡಿಸಿ ಹಿಸುಕಿ ಕೊಡಬಹುದು. ಬೀಜ ಮಾತ್ರ ಕೂಸಿನ ಕೈಗೆ ಸಿಗಬಾರದು. ಸೀತಾಫಲದ ತಿರುಳು ಬೆಣ್ಣೆಯಂತಿರುವುದರಿಂದ ಅದು ಹಸುಳೆಗಾಗಿಯೇ ಆದ ಹಣ್ಣೆಂದು ತೋರುತ್ತದೆ. ಆದರೆ ಆ ಬೆಣ್ಣೆಯೊಳಗೆ ಹತ್ತಾರು ಕರಿಯ, ನುಣುಪಾದ, ಜಾರುವ ಬೀಜಗಳಿವೆ. ತಲೆಯ ಹೇನಿಗೆ ಅರೆದು ಹಚ್ಚುವ, ಕಣ್ಣಿಗೆ ತಾಗಿದರೆ ಉರಿಯೆಬ್ಬಿಸುವ ಬೀಜ ಅದು. ಬೆರಳಿನಿಂದ ಎಣಿಸಿ ತೆಗೆಯುವುದಕ್ಕಿಂತ ಇಡೀ ತಿರುಳನ್ನು ಜರಡಿಯ ಮೇಲೆ ಉಜ್ಜುವುದೇ ಮೇಲು. ಚಿಕ್ಕು ಹಣ್ಣಿನ ಬೀಜಕ್ಕೆ ತುದಿಯಲ್ಲಿ ಕೊಕ್ಕೆಯಿರುತ್ತದೆ. ಅದನ್ನೂ ಮರೆಯದೆ ತೆಗೆಯಬೇಕು. ದಾಳಿಂಬೆಯ ಕಾಳುಗಳನ್ನು ಕೂಸಿಗೆ ಹಾಗೆಯೇ ಕೊಡದೆ ಹಿಸುಕಿ ಸೋಸಿ, ಒಂದೆರಡು ಚಮಚವನ್ನು ಗಂಜಿಯಲ್ಲಿ ಬೆರೆಸಬಹುದು. ಪೇರಲವನ್ನು ಬೇಯಿಸಿ ಜರಡಿ ಹಿಡಿಯಬೇಕು. ಹಸಿಯ ಪೇರಲದ ಗಟ್ಟಿ ಹೋಳು ಅದರ ಬೀಜಕ್ಕಿಂತ ದೊಡ್ಡ ಅಪಾಯ. ಸೇಬಿಗೂ ಇದೇ ಮಾತು: ಹಸಿಯದು ಬೇಡ, ಹಬೆಯಲ್ಲಿ ಬೆಂದದ್ದು ಸರಿ. ಬಳ್ಳಾರಿ ಕಡೆಯ ನೆಲಕ್ಕೆ ಒಗ್ಗಿದ ಅಂಜೂರ ಈ ವಿಷಯದಲ್ಲಿ ಸಾಧು ಹಣ್ಣು. ಸಿಪ್ಪೆ ಸುಲಿದು ಕಿವುಚಿದರೆ ಸಾಕು. ಅದರ ಬೀಜಗಳು ಸಾಸಿವೆಗಿಂತ ಸಣ್ಣವು, ಕೇಡಿಲ್ಲ. ಆದರೆ ಹೆಚ್ಚು ತಿನ್ನಿಸಿದರೆ ಹೊಟ್ಟೆ ಸಡಿಲವಾದೀತು. ಕವಳೆ, ಕಾರೆಯಂಥ ಕಾಡುಹಣ್ಣುಗಳು ಹುಳಿ, ಒಗರು, ಸೊನೆಯುಳ್ಳವು. ಅವು ಕೂಸಿನ ಆಹಾರವಲ್ಲ, ಗುಡ್ಡ ಹತ್ತುವ ವಯಸ್ಸಿನವರ ಆಹಾರ.

ಹಾಗಾದರೆ ಮೊದಲ ಹಣ್ಣಾಗಲು ತಕ್ಕುದು ಯಾವುದು? ಕಳಿತ ಬಾಳೆ, ಕಳಿತ ಪಪ್ಪಾಯಿ, ಬೇಯಿಸಿ ನುರಿದ ಸೇಬು ಅಥವಾ ಪೇರಲ. ಇವುಗಳಲ್ಲಿ ಯಾವುದಾದರೂ ಒಂದನ್ನು ನುಣ್ಣಗೆ ಕಿವುಚಿ, ಮೊದಲ ದಿನ ಒಂದೆರಡು ಚಮಚೆ ಕೊಡಬೇಕು. ಎರಡು ಮೂರು ದಿನ ಅದನ್ನೇ ಮುಂದುವರಿಸಿ ನೋಡಬೇಕು. ಮೈಮೇಲೆ ದದ್ದು, ವಾಂತಿ, ಭೇದಿ ಇಲ್ಲವೆಂದಾದ ಮೇಲೆ ಇನ್ನೊಂದು ಹಣ್ಣಿಗೆ ಹೋಗಬೇಕು. ಒಂದೇ ದಿನ ನಾಲ್ಕು ಹಣ್ಣು ಕಲಸಿ ಕೊಟ್ಟರೆ ಯಾವುದು ಒಗ್ಗಿತು, ಯಾವುದು ಒಗ್ಗಲಿಲ್ಲ ಎಂದು ತಿಳಿಯುವುದಾದರೂ ಹೇಗೆ? ಸಕ್ಕರೆ, ಉಪ್ಪು ಬೆರೆಸುವ ಅಗತ್ಯವಿಲ್ಲ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನಾಲಿಗೆಗೆ ಸವರಲೂ ಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಜೀವಾಣುವಿನ ಬೀಜಾಣು ಹಸುಳೆಯ ಕರುಳಿನಲ್ಲಿ ಮೊಳೆತು ವಿಷವನ್ನು ಹುಟ್ಟಿಸಬಲ್ಲದು. ಹಣ್ಣನ್ನು ಮೊದಲು ತೊಳೆಯಬೇಕು. ಅದಕ್ಕೂ ಮೊದಲು ಕೈಯನ್ನು ತೊಳೆಯಬೇಕು.

ತಿಂಗಳುಗಳು ಏರಿದಂತೆ ಹಣ್ಣಿನ ರೂಪವೂ ಬದಲಾಗಬೇಕು. ಎಂಟು ಒಂಬತ್ತು ತಿಂಗಳಿಗೆ ನುಣ್ಣಗಿನ ತಿರುಳಿನಿಂದ ತರಿತರಿಯಾದದ್ದಕ್ಕೆ ಬರಬಹುದು. ಮಗು ತಾನೇ ಹಿಡಿದು ತಿನ್ನಬಯಸಿದರೆ ಕಳಿತ ಪಪ್ಪಾಯಿಯನ್ನೋ ಬಾಳೆಯನ್ನೋ ಬೆರಳಿನುದ್ದ ಸೀಳಿ ಕೈಗೆ ಕೊಡಬಹುದು. ಎರಡು ಬೆರಳುಗಳ ನಡುವೆ ಒತ್ತಿದರೆ ಹಣ್ಣು ನುಚ್ಚಾಗಬೇಕು, ಇದೇ ಪರೀಕ್ಷೆ. ನಮ್ಮ ಬೆರಳಿಗೆ ಬಗ್ಗದ್ದು ಹಲ್ಲಿಲ್ಲದ ಒಸಡಿಗೆ ಬಗ್ಗುವುದಿಲ್ಲ. ಹೀಗೆಂದು ವರ್ಷವಾದರೂ ಬರಿಯ ನೀರುನೀರಾದ ಹಿಟ್ಟಿನಲ್ಲೇ ಮಗುವನ್ನು ನಿಲ್ಲಿಸುವುದೂ ತಪ್ಪು. ಅಗಿಯುವುದು ಕಲಿತು ಬರುವ ವಿದ್ಯೆ. ಕಲಿಯುವ ಕಾಲದಲ್ಲಿ ಕಲಿಸದಿದ್ದರೆ ಮುಂದೆ ಮಗು ಗಟ್ಟಿ ಆಹಾರ ಕಂಡರೆ ಮುಖ ತಿರುಗಿಸುತ್ತದೆ.

ನಮ್ಮ ಹಿರಿಯರಿಗೆ ಈ ತತ್ತ್ವ ತಿಳಿದಿರಲಿಲ್ಲವೆಂದಲ್ಲ. ಉತ್ತತ್ತಿಯನ್ನು ಕೂಸಿಗೆ ಕೊಡುವಾಗ ಯಾವ ಅಜ್ಜಿಯೂ ಅದನ್ನು ಇಡಿಯಾಗಿ ಕೊಡುತ್ತಿರಲಿಲ್ಲ. ಕಲ್ಲಿನ ಮೇಲೆ ತೇಯ್ದು ಗಂಧ ಮಾಡಿ ಕೊಡುತ್ತಿದ್ದಳು. ಕಲ್ಲಿನಂಥ ಒಣಹಣ್ಣು ಆ ತೇಯುವಿಕೆಯಿಂದ ಹಸುಳೆಯ ನಾಲಿಗೆಗೆ ತಕ್ಕದ್ದಾಗುತ್ತಿತ್ತು. ಆರು ತಿಂಗಳಿಗೆ ಮುಂಚೆ ಅದನ್ನು ನೆಕ್ಕಿಸುವ ರೂಢಿಯನ್ನು ಬಿಟ್ಟು, ಆ ಕ್ರಮವನ್ನು ಮಾತ್ರ ನಾವು ಉಳಿಸಿಕೊಳ್ಳಬಹುದು. ಇಂದು ಅದೇ ಉತ್ತತ್ತಿಯನ್ನು ಜಾತ್ರೆಯಲ್ಲಿ ತೇರಿಗೆ ಎಸೆದು, ಕೆಳಗೆ ಬಿದ್ದದ್ದನ್ನು ಪ್ರಸಾದವೆಂದು ಆಯ್ದು, ಕಂಕುಳಲ್ಲಿರುವ ಕೂಸಿನ ಕೈಗೆ ಇಡುವವರಿದ್ದಾರೆ. ಭಕ್ತಿಗೆ ಕೊರತೆ ಬಾರದು; ಪ್ರಸಾದವನ್ನು ಕೂಸಿನ ಹಣೆಗೆ ಮುಟ್ಟಿಸಿ ದೊಡ್ಡವರು ತಿಂದರಾಯಿತು.

ಇನ್ನೊಂದು ಸಂದರ್ಭ ಸಂಕ್ರಾಂತಿಯದು. ಬಾರೆಹಣ್ಣು, ಕಬ್ಬಿನ ತುಂಡು, ಚಿಲ್ಲರೆ ಕಾಸುಗಳನ್ನು ಕಲಸಿ ಎಳೆಯ ಮಕ್ಕಳ ತಲೆಯ ಮೇಲೆ ಎರೆದು ಆರತಿ ಬೆಳಗುವ ಶಾಸ್ತ್ರ ನಾಡಿನ ಅನೇಕ ಮನೆಗಳಲ್ಲಿದೆ. ನೆರೆಯ ಆಂಧ್ರದಲ್ಲಿ ಭೋಗಿಯ ದಿನ, ಮಹಾರಾಷ್ಟ್ರದಲ್ಲಿ ಬೋರನಹಾಣವೆಂಬ ಹೆಸರಿನಲ್ಲಿ ಇದೇ ಬಗೆಯ ಆಚರಣೆಯಿದೆ. ದೃಷ್ಟಿ ತೆಗೆಯುವ ಈ ಸುಂದರ ಶಾಸ್ತ್ರದಲ್ಲಿ ಮಗುವಿನ ಸುತ್ತ ಬಂದು ಬೀಳುವವು ಯಾವುವು ನೋಡಿ: ದುಂಡನೆಯ ಹಣ್ಣು, ಗಟ್ಟಿ ತುಂಡು, ನಾಣ್ಯ. ಅಂಬೆಗಾಲಿಡುವ ಮಗು ಕೈಗೆ ಸಿಕ್ಕಿದ್ದನ್ನು ಮೊದಲು ಒಯ್ಯುವುದು ಬಾಯಿಗೆ. ಮನೆಯವರೆಲ್ಲ ಹಾಡು, ಆರತಿ, ಫೋಟೋಗಳ ಸಂಭ್ರಮದಲ್ಲಿರುವಾಗ ಅದರ ಮುಷ್ಟಿಯತ್ತ ನೋಡುವವರು ಯಾರು? ಶಾಸ್ತ್ರ ಬಿಡಬೇಕಾಗಿಲ್ಲ. ಕೂಸನ್ನು ದೊಡ್ಡವರೊಬ್ಬರು ತೊಡೆಯ ಮೇಲೆ ಹಿಡಿದು ಕೂತಿರಲಿ. ಎಣಿಸಿ ಎರೆಯಿರಿ, ಎಣಿಸಿ ಎತ್ತಿರಿ. ಲೆಕ್ಕ ತಾಳೆಯಾದ ಮೇಲೆಯೇ ಮಗುವನ್ನು ನೆಲಕ್ಕೆ ಬಿಡಿ. ತೀರ ಎಳೆಯ ಕೂಸಾದರೆ ಹೂವಿನ ಎಸಳುಗಳನ್ನೇ ಎರೆದು, ಒಂದೇ ಒಂದು ಬಾರೆಹಣ್ಣನ್ನು ತಲೆಗೆ ನಿವಾಳಿಸಿ ತೆಗೆದಿಟ್ಟರೂ ಹಬ್ಬಕ್ಕೇನೂ ಕಡಿಮೆಯಾಗದು.

ದಿನನಿತ್ಯದ ಎಚ್ಚರಗಳೂ ಇವೆ. ಮಗು ಕುಳಿತೇ ತಿನ್ನಬೇಕು. ಮಲಗಿಸಿ, ಆಡಿಸುತ್ತ, ನಗಿಸುತ್ತ, ಅಳುವಾಗ ಬಾಯಿಗೆ ತುರುಕುತ್ತ ತಿನ್ನಿಸಬಾರದು. ಕುಲುಕುವ ಬಸ್ಸಿನಲ್ಲಿ, ಆಟೋದಲ್ಲಿ ಹಣ್ಣು ಬೇಡ. ತಿನ್ನುವಷ್ಟು ಹೊತ್ತೂ ದೊಡ್ಡವರೊಬ್ಬರ ಕಣ್ಣು ಅದರ ಮೇಲಿರಬೇಕು. ಬೆಳೆ ಕೊಯ್ಲಿನ ಕಾಲದಲ್ಲಿ ತಾಯಿ ಹೊಲದಲ್ಲಿ ದುಡಿಯುತ್ತಿದ್ದರೆ, ಬದುವಿನ ಮರಕ್ಕೆ ಕಟ್ಟಿದ ಜೋಲಿಯ ಬಳಿ ಕಾವಲಿರುವುದು ಆರೇಳು ವರ್ಷದ ಅಕ್ಕ. ತಮ್ಮನಿಗೂ ಒಂದು ಪಾಲು ಎಂದು ತನ್ನ ಬಾಯಲ್ಲಿರುವ ಬಾರೆಹಣ್ಣನ್ನೇ ಅವನ ಬಾಯಿಗಿಡುವ ಅಕ್ಕರೆ ಅವಳದು. ಆ ಅಕ್ಕರೆಯನ್ನು ಗದರಿಸಬಾರದು. ಪುಟ್ಟ ತಮ್ಮನಿಗೆ ಅಮ್ಮ ಕೈಯಾರೆ ಹಿಸುಕಿ ಕೊಡುತ್ತಾಳೆ, ನೀನು ಕೊಡಬೇಡವ್ವ ಎಂದು ಅವಳಿಗೆ ತಿಳಿಹೇಳಬೇಕು. ಹಸಿ, ಹುರಿದ ಶೇಂಗಾಬೀಜದ ವಿಷಯದಲ್ಲೂ ಇದೇ ಮಾತು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಮಕ್ಕಳ ಶ್ವಾಸನಾಳದಿಂದ ಹೊರತೆಗೆಯುವ ವಸ್ತುಗಳಲ್ಲಿ ಶೇಂಗಾಬೀಜಕ್ಕೇ ಅಗ್ರಸ್ಥಾನ. ಶೇಂಗಾ ಬೆಳೆಯುವ ಈ ಸೀಮೆ ಅದನ್ನು ಮರೆಯಲಾಗದು.

ಇಷ್ಟೆಲ್ಲ ಮಾಡಿದರೂ ಎಂದಾದರೊಮ್ಮೆ ಗಂಟಲಿಗೆ ಸಿಕ್ಕಿಕೊಂಡರೆ? ಆಗ ಎರಡು ಸ್ಥಿತಿಗಳನ್ನು ಬೇರೆಮಾಡಿ ತಿಳಿಯಬೇಕು. ಮೊದಲನೆಯದು ಓಕರಿಕೆ. ಮಗುವಿನ ಮುಖ ಕೆಂಪಾಗುತ್ತದೆ, ಅದು ಕೆಮ್ಮುತ್ತದೆ, ಸದ್ದು ಮಾಡುತ್ತದೆ. ಹೊಸ ಆಹಾರ ಕಲಿಯುವ ಮಗುವಿನಲ್ಲಿ ಇದು ಸಹಜ. ದೇಹ ತನ್ನನ್ನು ತಾನು ಕಾಯ್ದುಕೊಳ್ಳುವ ಬಗೆ ಅದು. ಆಗ ಬೆನ್ನಿಗೆ ಗುದ್ದಬೇಡಿ, ಬಾಯಿಗೆ ಬೆರಳು ಹಾಕಬೇಡಿ. ಕೆಮ್ಮಲು ಬಿಟ್ಟು ಪಕ್ಕದಲ್ಲೇ ಇರಿ. ಎರಡನೆಯದು ಉಸಿರು ಕಟ್ಟುವುದು. ಆಗ ಸದ್ದು ಅಡಗುತ್ತದೆ. ಕೆಮ್ಮಿಲ್ಲ, ಅಳುವಿಲ್ಲ, ಬಾಯಿ ತೆರೆದಿದ್ದರೂ ದನಿಯಿಲ್ಲ, ತುಟಿ ನೀಲಿಗಟ್ಟುತ್ತದೆ. ಗಲಾಟೆ ಮಾಡುವ ಮಗುವಿಗಿಂತ ಸುಮ್ಮನಾದ ಮಗುವೇ ಹೆಚ್ಚಿನ ಅಪಾಯದಲ್ಲಿದೆಯೆಂದು ತಿಳಿಯಬೇಕು. ಗಾಳಿಯಿಲ್ಲದೆ ಮೆದುಳು ತಾಳಿಕೊಳ್ಳುವುದು ನಾಲ್ಕೈದು ನಿಮಿಷ ಮಾತ್ರ. ತಾಲ್ಲೂಕಿನ ಆಸ್ಪತ್ರೆ ಹರಪನಹಳ್ಳಿಯಲ್ಲಿ, ದೊಡ್ಡ ಆಸ್ಪತ್ರೆಗಳು ದಾವಣಗೆರೆಯಲ್ಲಿ. ೨೦೦೮ರಿಂದ ನಮ್ಮ ರಾಜ್ಯದಲ್ಲಿರುವ ೧೦೮ರ ವಾಹನ ಎಷ್ಟೇ ಬೇಗ ಬಂದರೂ ಆ ನಾಲ್ಕು ನಿಮಿಷ ಮನೆಯವರದೇ. ಆದ್ದರಿಂದ ಒಬ್ಬರು ೧೦೮ಕ್ಕೆ ಕರೆಮಾಡುತ್ತಿರುವಾಗಲೇ ಇನ್ನೊಬ್ಬರು ಕೆಲಸ ಆರಂಭಿಸಬೇಕು.

ವರ್ಷದೊಳಗಿನ ಕೂಸಾದರೆ ಅದನ್ನು ನಿಮ್ಮ ಮುಂಗೈಯ ಮೇಲೆ ಬೋರಲಾಗಿ ಮಲಗಿಸಿ, ದವಡೆಗೆ ಬೆರಳಿನ ಆಸರೆ ಕೊಟ್ಟು, ತಲೆ ಎದೆಗಿಂತ ಕೆಳಗಿರುವಂತೆ ತೊಡೆಗೆ ಆನಿಸಿ ಹಿಡಿಯಿರಿ. ಅಂಗೈಯ ಬುಡದಿಂದ ಎರಡು ಹೆಗಲೆಲುಬುಗಳ ನಡುವೆ ಐದು ಸಲ ಬಿಗಿಯಾಗಿ ತಟ್ಟಿರಿ. ಹೊರಬರದಿದ್ದರೆ ಅಂಗಾತ ತಿರುಗಿಸಿ, ಎದೆಯ ನಡುವೆ, ಮೊಲೆತೊಟ್ಟುಗಳ ಗೆರೆಗಿಂತ ತುಸು ಕೆಳಗೆ, ಅಂಗೈಯ ಬುಡದಿಂದ ಐದು ಸಲ ಒತ್ತಿರಿ. ಮತ್ತೆ ಬೆನ್ನು, ಮತ್ತೆ ಎದೆ. ಸಿಕ್ಕಿದ್ದು ಹೊರಬೀಳುವವರೆಗೆ ಹೀಗೆ ನಡೆಯಬೇಕು. ವರ್ಷ ಮೀರಿದ ಮಗುವಿಗಾದರೆ ಬೆನ್ನಿಗೆ ಐದು ತಟ್ಟು. ಆಮೇಲೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಮೇಲೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ಹೊಟ್ಟೆಯನ್ನು ಹೀಗೆ ಒತ್ತುವ ಉಪಾಯವನ್ನು ಅಮೆರಿಕದ ವೈದ್ಯ ಹೆನ್ರಿ ಹೈಮ್ಲಿಕ್ ೧೯೭೪ರಲ್ಲಿ ಪ್ರಕಟಿಸಿದರು. ಆದರೆ ವರ್ಷದೊಳಗಿನ ಕೂಸಿನ ಹೊಟ್ಟೆಯನ್ನು ಹೀಗೆ ಒತ್ತಬಾರದು. ಅದರ ಯಕೃತ್ತಿಗೆ ಪೆಟ್ಟಾದೀತು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ. ಕಣ್ಣಿಗೆ ಕಂಡರೆ ಮಾತ್ರ ತೆಗೆಯಬೇಕು. ಕಾಲು ಹಿಡಿದು ತಲೆಕೆಳಗಾಗಿ ಜೋತುಹಾಕುವುದು, ನೀರು ಕುಡಿಸುವುದು, ಬಾಳೆಹಣ್ಣು ನುಂಗಿಸುವುದು ಇವೆಲ್ಲ ಕೂಡದು. ಮಗು ಪ್ರಜ್ಞೆ ತಪ್ಪಿದರೆ ಗಟ್ಟಿ ನೆಲದ ಮೇಲೆ ಮಲಗಿಸಿ ಎದೆಯನ್ನು ಒತ್ತುತ್ತ, ನಡುನಡುವೆ ಬಾಯಿ ಮೂಗಿಗೆ ಉಸಿರೂದುತ್ತ, ನೆರವು ಬರುವವರೆಗೆ ನಿಲ್ಲಿಸದಿರಬೇಕು. ಇದನ್ನು ಓದಿ ತಿಳಿಯುವುದಕ್ಕಿಂತ ಬೊಂಬೆಯ ಮೇಲೆ ಮಾಡಿ ಕಲಿಯುವುದು ಮೇಲು. ರೆಡ್ ಕ್ರಾಸ್ ಸಂಸ್ಥೆ ನಡೆಸುವಂಥ ಪ್ರಥಮ ಚಿಕಿತ್ಸೆಯ ಶಿಬಿರಗಳಲ್ಲಿ ಇದನ್ನು ಕಲಿಸುತ್ತಾರೆ.

ಸಿಕ್ಕಿದ್ದು ಹೊರಬಂದರೂ ಮಗುವನ್ನು ವೈದ್ಯರಿಗೆ ತೋರಿಸುವುದು ಲೇಸು. ಕೆಲವೊಮ್ಮೆ ಮಗು ಚೆನ್ನಾಗಿ ಕೆಮ್ಮಿ ಸುಧಾರಿಸಿಕೊಂಡಂತೆ ಕಂಡರೂ ಸಣ್ಣ ಬೀಜವೋ ಚೂರೋ ಕೆಳಗಿನ ಶ್ವಾಸನಾಳಕ್ಕೆ ಜಾರಿ ಅಲ್ಲಿ ಕೂತಿರುತ್ತದೆ. ಆಮೇಲೆ ವಾರಗಟ್ಟಲೆ ಕೆಮ್ಮು, ಉಬ್ಬಸ, ಮರಳಿ ಮರಳಿ ಬರುವ ಜ್ವರ. ಔಷಧಿಗಳು ಬದಲಾಗುತ್ತವೆ, ಕೆಮ್ಮು ಬದಲಾಗುವುದಿಲ್ಲ. ‘ಅಂದು ತಿನ್ನುವಾಗ ಒಮ್ಮೆ ಗಂಟಲಿಗೆ ಸಿಕ್ಕಿಕೊಂಡಿತ್ತು’ ಎಂಬ ಒಂದು ಮಾತನ್ನು ತಾಯಿ ನೆನಪಿಟ್ಟು ಹೇಳಿದರೆ ವೈದ್ಯರ ದಾರಿ ನೆಟ್ಟಗಾಗುತ್ತದೆ. ಜರ್ಮನಿಯ ಗುಸ್ತಾವ್ ಕಿಲಿಯನ್ ಎಂಬ ವೈದ್ಯ ೧೮೯೭ರಲ್ಲಿ ಕೊಳವೆಯೊಂದನ್ನು ಇಳಿಬಿಟ್ಟು ರೈತನೊಬ್ಬನ ಶ್ವಾಸನಾಳದಿಂದ ಎಲುಬಿನ ಚೂರನ್ನು ಹೊರತೆಗೆದಂದಿನಿಂದ ಆ ವಿದ್ಯೆ ಬೆಳೆಯುತ್ತ ಬಂದಿದೆ. ಆದರೆ ಆ ಕೊಳವೆಗೆ ದಾರಿ ತೋರುವುದು ಮನೆಯವರ ಆ ಒಂದು ಮಾತು.

ಈ ಮಾತುಗಳೆಲ್ಲ ತಾಯಿಯೊಬ್ಬಳಿಗೆ ಮಾತ್ರ ಹೇಳಿದವೆಂದು ಭಾವಿಸಬಾರದು. ಸಂತೆಯಿಂದ ದ್ರಾಕ್ಷಿ ತರುವ ತಂದೆ, ಜಾತ್ರೆಯಿಂದ ಉತ್ತತ್ತಿ ತರುವ ಸೋದರಮಾವ, ತೊಡೆಯ ಮೇ��ೆ ಕೂರಿಸಿಕೊಂಡು ಮುದ್ದಿಸುವ ತಾತ, ಅಂಗನವಾಡಿಯ ಅಕ್ಕ, ಎಲ್ಲರೂ ತಿಳಿದಿರಬೇಕಾದದ್ದು. ಕೂಸಿಗೆ ಹಣ್ಣು ಕೊಡಲು ಹೆಚ್ಚಿನ ಹಣ ಬೇಡ, ಪೇಟೆಯ ಡಬ್ಬಿ ಬೇಡ. ಬೇಕಾದದ್ದು ಒಂದು ಜರಡಿ, ಒಂದು ಚಮಚ, ಎರಡು ಬೆರಳು, ಹತ್ತು ನಿಮಿಷದ ವ್ಯವಧಾನ. ನಾಲಿಗೆಯ ಮೇಲೆ ಮೊದಲ ಸಲ ಪಪ್ಪಾಯಿಯ ಸಿಹಿ ಕರಗಿದಾಗ ಕೂಸು ಕಣ್ಣರಳಿಸಿ, ಇನ್ನೊಂದು ಚಮಚಕ್ಕಾಗಿ ಬಾಯಿ ತೆರೆಯುತ್ತದೆ. ಆ ತೆರೆದ ಬಾಯಿಗೆ ಇಡುವ ತುತ್ತನ್ನು ಮೊದಲು ನಮ್ಮ ಬೆರಳ ನಡುವೆ ಒತ್ತಿ ನೋಡೋಣ. ಅಲ್ಲಿ ಅದು ನುಚ್ಚಾದರೆ ಮಾತ್ರ ಮುಂದೆ ಹೋಗಲಿ.